ಪಿಂಗ್ ಹೋಗುತ್ತದೆ, ವಾಪಸ್ ಬರುವುದಿಲ್ಲ: ವಿಲ್ಯಾನ್‌ಗಳ ನಡುವೆ ಸಂಪರ್ಕ ಸಿಗದಾಗ ಎಲ್ಲಿಂದ ಹುಡುಕಬೇಕು

"ಸಾರ್, ಅಕೌಂಟ್ಸ್ ರೂಮಿಂದ ಸರ್ವರ್ ಓಪನ್ ಆಗ್ತಿಲ್ಲ. ಇಂಟರ್ನೆಟ್ ಮಾತ್ರ ಚೆನ್ನಾಗಿ ಬರ್ತಿದೆ." ಸ್ವಿಚ್‌ಗೆ ಹೊಸದಾಗಿ ವಿಲ್ಯಾನ್ ಹಾಕಿದ ಮರುದಿನ ಇಂಥದ್ದೊಂದು ಫೋನ್ ಬಂದೇ ಬರುತ್ತದೆ. ಫೋನ್ ಮಾಡಿದವರು ಅಷ್ಟರಲ್ಲಿ ಸ್ವಿಚ್ಚನ್ನು ಎರಡು ಸಲ ಆಫ್ ಮಾಡಿ ಆನ್ ಮಾಡಿ ನೋಡಿರುತ್ತಾರೆ. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ವಿಲ್ಯಾನ್ (VLAN) ಅಂದರೆ ಒಂದೇ ಸ್ವಿಚ್ಚನ್ನು ಬೇರೆ ಬೇರೆ ನೆಟ್‌ವರ್ಕ್‌ಗಳಾಗಿ ಪಾಲು ಮಾಡುವುದು, ವಠಾರ ಇದ್ದ ಹಾಗೆ. ಕಟ್ಟಡ ಒಂದೇ, ಮನೆ ಬೇರೆ ಬೇರೆ. ಪಕ್ಕದ ಮನೆಗೆ ಹೋಗಬೇಕಾದರೆ ಗೋಡೆ ತೂರಿ ಹೋಗಲು ಆಗುವುದಿಲ್ಲ. ನಮ್ಮ ಬಾಗಿಲಿಂದ ಅಂಗಳಕ್ಕೆ ಇಳಿದು, ಅವರ ಬಾಗಿಲು ತಟ್ಟಬೇಕು. ಆ ಬಾಗಿಲೇ ಗೇಟ್‌ವೇ. ಅಂಗಳ ಅಂದರೆ ರೌಟಿಂಗ್ ಮಾಡುವ (ಒಂದು ನೆಟ್‌ವರ್ಕ್‌ನಿಂದ ಇನ್ನೊಂದಕ್ಕೆ ದಾರಿ ಕೊಡುವ) ಲೇಯರ್ 3 ಸ್ವಿಚ್, ಇಲ್ಲವೇ ರೌಟರ್ ಅಥವಾ ಫೈರ್‌ವಾಲ್. ಹಾಗಾಗಿ ಎರಡು ವಿಲ್ಯಾನ್‌ಗಳು ತಾವಾಗಿ ಮಾತಾಡದೆ ಇರುವುದು ದೋಷವೇ ಅಲ್ಲ, ಅದು ಅವುಗಳ ಹುಟ್ಟುಗುಣ. ನಾವು ಬಾಗಿಲು ಇಟ್ಟಿದ್ದೇವಾ, ಅದು ತೆರೆದಿದೆಯಾ, ಇದಷ್ಟೇ ಪ್ರಶ್ನೆ.

ಇನ್ನೊಂದು ಮಾತು. ಪಿಂಗ್ ("ಇದ್ದೀಯಾ" ಎಂದು ಕೇಳುವ ಪುಟ್ಟ ಪರೀಕ್ಷೆ) ಆ ಕಡೆ ತಲುಪಿದರೆ ಸಾಲದು, ಉತ್ತರ ಈ ಕಡೆಗೆ ಬರಬೇಕು. ನಾವೆಲ್ಲ ಹೋಗುವ ದಾರಿಯನ್ನು ಗಂಟೆಗಟ್ಟಲೆ ನೋಡುತ್ತೇವೆ, ಬರುವ ದಾರಿಯನ್ನು ನೋಡುವುದೇ ಇಲ್ಲ. ನಾನು ಕಳೆದುಕೊಂಡ ಸಂಜೆಗಳಲ್ಲಿ ಮುಕ್ಕಾಲು ಪಾಲು ಇದರಿಂದಲೇ ಹೋಗಿವೆ.

ಮಾತಿಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೂರು ಮಹಡಿಯ ಕಾಲೇಜು. ಕೆಳಗೆ ಒಂದು ಲೇಯರ್ 3 ಕೋರ್ ಸ್ವಿಚ್, ಮೇಲಿನ ಎರಡು ಮಹಡಿಗೆ ಒಂದೊಂದು ಲೇಯರ್ 2 (ರೌಟಿಂಗ್ ಮಾಡದ) ಸ್ವಿಚ್. ಆಫೀಸಿಗೆ ವಿಲ್ಯಾನ್ 10, ಲ್ಯಾಬಿಗೆ 20, ಸಿಸಿ ಕ್ಯಾಮೆರಾಗಳಿಗೆ 30. ವಿಳಾಸಗಳು ಕ್ರಮವಾಗಿ 192.168.10, 192.168.20, 192.168.30 ಎಂದು ಶುರುವಾಗುತ್ತವೆ. ಮಾಸ್ಕ್, ಅಂದರೆ ವಿಳಾಸದ ಎಷ್ಟು ಭಾಗ ಮನೆಯ ಗುರುತು ಎಂದು ಹೇಳುವ ಅಂಕಿ, ಎಲ್ಲಕ್ಕೂ 255.255.255.0. ಪ್ರತಿಯೊಂದರ ಗೇಟ್‌ವೇ ಕೊನೆಗೆ .1, ಮೂರೂ ಕೋರ್ ಸ್ವಿಚ್‌ನಲ್ಲೇ ಇವೆ. ಕಮ್ಯಾಂಡ್‌ಗಳನ್ನು ಸಿಸ್ಕೋ ಕ್ಯಾಟಲಿಸ್ಟ್ ಲೆಕ್ಕದಲ್ಲಿ ಕೊಟ್ಟಿದ್ದೇನೆ. ಬೇರೆ ಕಂಪನಿಯ ಸ್ವಿಚ್‌ನಲ್ಲಿ ಹೆಸರು ಬದಲಾದೀತು, ವಿಷಯ ಅದೇ.

ಕೈ ಹಾಕುವ ಮುಂಚೆ

ಸ್ವಿಚ್‌ನ ಈಗಿನ ಕಾನ್ಫಿಗನ್ನು ಒಂದು ಪ್ರತಿ ತೆಗೆದಿಡಿ. 'ಶೋ ರನ್' ಹೊಡೆದು ನೋಟ್‌ಪ್ಯಾಡ್‌ಗೆ ಅಂಟಿಸಿದರೂ ಸಾಕು. ಯಾರೋ ಕಾನ್ಫಿಗ್ ಬದಲಿಸಿ ಸೇವ್ ಮಾಡದೆ ಬಿಟ್ಟಿರಬಹುದು. ಕರೆಂಟ್ ತೆಗೆದು ಹಾಕಿದಿರೋ, ಆರು ತಿಂಗಳಿಂದ ಸೇವ್ ಆಗದೆ ಓಡುತ್ತಿದ್ದ ವಿಲ್ಯಾನ್‌ಗಳ ಕಾನ್ಫಿಗ್ ಎಲ್ಲ ಹೋಯಿತು. ಸುಮ್ನೆ ಆಫ್ ಆನ್ ಮಾಡಬೇಡಿ ಅಂದಿದ್ದು ಇದಕ್ಕೇ. ಲಾಗ್‌ನಲ್ಲಿದ್ದ ಸುಳಿವೂ ಅದರ ಜೊತೆಗೇ ಹೋಗುತ್ತದೆ.

ದೂರದಿಂದ ಲಾಗಿನ್ ಆಗಿ ಟ್ರಂಕ್ ಪೋರ್ಟ್ (ಹಲವು ವಿಲ್ಯಾನ್‌ಗಳನ್ನು ಒಂದೇ ಕೇಬಲ್‌ನಲ್ಲಿ ಒಯ್ಯುವ ಪೋರ್ಟ್) ಮುಟ್ಟುವುದು ಅಂದರೆ ಕೂತ ಕೊಂಬೆಯನ್ನೇ ಕಡಿಯುವ ಕೆಲಸ. ಅನಿವಾರ್ಯವಾದರೆ ಮೊದಲು ಒಳ್ಳೆಯ ಕಾನ್ಫಿಗ್ ಸೇವ್ ಮಾಡಿ, ಆಮೇಲೆ 'ರೀಲೋಡ್ ಇನ್ 10' ಕೊಡಿ. ಸಂಪರ್ಕ ಕಡಿದುಹೋದರೆ ಹತ್ತು ನಿಮಿಷಕ್ಕೆ ಸ್ವಿಚ್ ತಾನೇ ಹಳೆಯ ಕಾನ್ಫಿಗ್‌ನಲ್ಲಿ ಎದ್ದು ಬರುತ್ತದೆ. ಕೆಲಸ ಆಯಿತಾ, 'ರೀಲೋಡ್ ಕ್ಯಾನ್ಸಲ್' ಮರೆಯಬೇಡಿ. ಮರೆತರೆ ಇಡೀ ಕಟ್ಟಡದ ನೆಟ್‌ವರ್ಕ್ ಮಧ್ಯಾಹ್ನದ ಹೊತ್ತಿಗೆ ಮಲಗುತ್ತದೆ, ಆ ಫೋನೂ ನಿಮಗೇ ಬರುತ್ತದೆ.

ಕೈಕಾಲಿನ ಎಚ್ಚರಿಕೆಯೂ ಬೇಕು. ಸ್ವಿಚ್‌ನ ಮುಚ್ಚಳ ಬಿಚ್ಚಬೇಡಿ, ಒಳಗಿನ ಪವರ್ ಸಪ್ಲೈ ಅಪಾಯ. ಫೈಬರ್ ಕೇಬಲ್ ಕಿತ್ತಾಗ ಅದರ ತುದಿಯನ್ನೋ ಮಾಡ್ಯೂಲ್‌ನ ಬಾಯನ್ನೋ ಇಣುಕಿ ನೋಡಬೇಡಿ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು. ರ‍್ಯಾಕ್ ಮುಟ್ಟಿದರೆ ಜುಮ್ ಅಂದರೆ ಅರ್ತಿಂಗ್ ಸರಿಯಿಲ್ಲ ಅಂತ. ಅಲ್ಲಿಗೆ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ. ನೆಟ್‌ವರ್ಕ್ ಒಂದು ದಿನ ಕಾಯುತ್ತದೆ.

ಮೊದಲು ನಾಲ್ಕು ಪಿಂಗ್

ಸ್ವಿಚ್‌ಗೆ ಲಾಗಿನ್ ಆಗುವ ಮುಂಚೆಯೇ ಅರ್ಧ ಉತ್ತರ ಸಿಗುತ್ತದೆ. ತೊಂದರೆ ಇರುವ ಕಂಪ್ಯೂಟರ್ ಮುಂದೆ ಕೂತು ಈ ನಾಲ್ಕನ್ನು ಇದೇ ಕ್ರಮದಲ್ಲಿ ಹೊಡೆಯಿರಿ. ನಾವು ವಿಲ್ಯಾನ್ 10ರಲ್ಲಿದ್ದೇವೆ, 30ರಲ್ಲಿರುವ ಎನ್‌ವಿಆರ್ (ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆ) ಬೇಕು ಅಂತಿಟ್ಟುಕೊಳ್ಳಿ.

1. ನಮ್ಮದೇ ಗೇಟ್‌ವೇ: 192.168.10.1
2. ಆ ಕಡೆಯ ಗೇಟ್‌ವೇ: 192.168.30.1
3. ನಮಗೆ ಬೇಕಾದ ಸಾಧನ: 192.168.30.50
4. ಅದೇ ವಿಲ್ಯಾನ್‌ನ ಇನ್ನೊಂದು ಸಾಧನ: 192.168.30.51

ಒಂದನೆಯದೇ ಬರಲಿಲ್ಲ ಅಂದರೆ ತೊಂದರೆ ನಮ್ಮ ಕಡೆಯೇ ಇದೆ, 30ರ ಕಡೆ ತಿರುಗಿಯೂ ನೋಡಬೇಡಿ. ಒಂದು ಬಂದು, ಮಿಕ್ಕ ಮೂರೂ ಬರಲಿಲ್ಲ ಅಂದರೆ ಕೋರ್ ಸ್ವಿಚ್ ನೋಡಬೇಕು. ಒಂದು, ಎರಡು, ನಾಲ್ಕು ಬಂದು ಮೂರು ಮಾತ್ರ ಬರಲಿಲ್ಲ ಅಂದರೆ ಸ್ವಿಚ್ ಪಾಪ ಏನೂ ಮಾಡಿಲ್ಲ, ಆ ಸಾಧನದಲ್ಲೇ ಏನೋ ಇದೆ.

ಉತ್ತರದ ಒಕ್ಕಣೆಯನ್ನೂ ಓದಿ. 'ರಿಕ್ವೆಸ್ಟ್ ಟೈಮ್ಡ್ ಔಟ್' ಅಂದರೆ ಹೋದವನು ವಾಪಸ್ ಬರಲಿಲ್ಲ, ಎಲ್ಲಿ ಕಳೆದುಹೋದ ಗೊತ್ತಿಲ್ಲ. 'ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್' ಎಂದು ನಿಮ್ಮದೇ ಐಪಿ ಹೆಸರಲ್ಲಿ ಬಂದರೆ ಪ್ಯಾಕೆಟ್ ನಿಮ್ಮ ಬಾಗಿಲನ್ನೇ ದಾಟಿಲ್ಲ. 'ಅನ್‌ರೀಚಬಲ್' ಅನ್ನುವುದು 192.168.10.1ರ ಹೆಸರಲ್ಲಿ ಬಂದರೆ ಗೇಟ್‌ವೇವರೆಗೆ ಹೋಗಿದೆ, ಮುಂದಕ್ಕೆ ಅದಕ್ಕೆ ದಾರಿ ಗೊತ್ತಿಲ್ಲ ಅಥವಾ ಬಿಡಬೇಡ ಅಂತ ಯಾರೋ ಹೇಳಿದ್ದಾರೆ. ಒಂದು ಸಾಲಿನಲ್ಲಿ ಇಷ್ಟೊಂದು ಸಿಗುವಾಗ ಅದನ್ನು ಬಿಟ್ಟು ಕೇಬಲ್ ಕಿತ್ತು ಹಾಕುವುದು ಯಾಕೆ, ಅಲ್ವಾ?

ಲಕ್ಷಣ: ನಮ್ಮ ಗೇಟ್‌ವೇಯೇ ಸಿಗುತ್ತಿಲ್ಲ

ಪೋರ್ಟ್‌ನಲ್ಲಿ ದೀಪ ಇದೆಯಾ ನೋಡಿ. ಇಲ್ಲದಿದ್ದರೆ ಕೇಬಲ್ ಬದಲಿಸಿ. ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ದೀಪ ಇದ್ದರೆ 'ಐಪಿಕಾನ್ಫಿಗ್' ಕೊಡಿ. ವಿಳಾಸ 169.254 ಎಂದು ಶುರುವಾದರೆ ಡಿಎಚ್‌ಸಿಪಿಯಿಂದ (ಐಪಿ ವಿಳಾಸ ಹಂಚುವ ವ್ಯವಸ್ಥೆಯಿಂದ) ಐಪಿ ಬಂದಿಲ್ಲ, ಕಂಪ್ಯೂಟರ್ ತಾನೇ ಒಂದು ವಿಳಾಸ ಹಚ್ಚಿಕೊಂಡು ಕೂತಿದೆ. ಹೊಸ ವಿಲ್ಯಾನ್‌ನಲ್ಲಿ ಯಾರಿಗೂ ಐಪಿ ಬರುತ್ತಿಲ್ಲ, ಡಿಎಚ್‌ಸಿಪಿ ಸರ್ವರ್ ಬೇರೆ ವಿಲ್ಯಾನ್‌ನಲ್ಲಿದೆ ಅಂದರೆ 'ಐಪಿ ಹೆಲ್ಪರ್ ಅಡ್ರೆಸ್' ಹಾಕಲು ಮರೆತಿದ್ದೀರಿ. ಡಿಎಚ್‌ಸಿಪಿಯ ಕೂಗು ಬ್ರಾಡ್‌ಕಾಸ್ಟ್, ಅದು ವಿಲ್ಯಾನ್‌ನ ಗೋಡೆ ದಾಟುವುದಿಲ್ಲ. ಕೇಳಿಸಿಕೊಂಡು ಸರ್ವರ್‌ಗೆ ಮುಟ್ಟಿಸಲು ಗೇಟ್‌ವೇಗೆ ನಾವೇ ಹೇಳಬೇಕು. ಹೆಲ್ಪರ್ ಇದ್ದೂ ಬರದಿದ್ದರೆ ಆ ಸರ್ವರ್‌ನಲ್ಲಿ ಈ ವಿಲ್ಯಾನ್‌ಗೆಂದು ಪೂಲ್ (ಹಂಚಲು ಇಟ್ಟ ವಿಳಾಸಗಳ ಗುಂಪು) ಮಾಡಿದ್ದೀರಾ ನೋಡಿ.

ಐಪಿ ಬಂದಿದೆ, ಆದರೆ 192.168.10ರ ಬದಲು 192.168.20ರದ್ದು ಬಂದಿದೆಯಾ? ಪೋರ್ಟ್ ತಪ್ಪು ವಿಲ್ಯಾನ್‌ನಲ್ಲಿದೆ. 'ಶೋ ವಿಲ್ಯಾನ್ ಬ್ರೀಫ್' ಹೊಡೆದರೆ ಯಾವ ಪೋರ್ಟ್ ಎಲ್ಲಿದೆ ಅಂತ ಕಾಣುತ್ತದೆ. ಅದರಲ್ಲಿ 1002ರಿಂದ 1005ರವರೆಗೆ ವಿಚಿತ್ರ ಹೆಸರಿನ ನಾಲ್ಕು ವಿಲ್ಯಾನ್ ಇರುತ್ತವೆ. ಟೋಕನ್ ರಿಂಗ್, ಎಫ್‌ಡಿಡಿಐ ಕಾಲದ ಪಳೆಯುಳಿಕೆ ಅವು, ನೋಡಿ ಗಾಬರಿ ಬೇಡ. ನಿಮ್ಮ ಪೋರ್ಟ್ ಪಟ್ಟಿಯಲ್ಲಿ ಎಲ್ಲೂ ಕಾಣುತ್ತಿಲ್ಲ ಅಂದರೆ ಎರಡರಲ್ಲಿ ಒಂದು: ಅದು ಟ್ರಂಕ್ ಆಗಿದೆ, ಇಲ್ಲವೇ ಅದು ಸೇರಿದ್ದ ವಿಲ್ಯಾನನ್ನು ಯಾರೋ ಅಳಿಸಿದ್ದಾರೆ. ವಿಲ್ಯಾನ್ ಅಳಿಸಿದರೆ ಅದರ ಪೋರ್ಟ್‌ಗಳು ತಾವಾಗಿ 1ಕ್ಕೆ ವಾಪಸ್ ಹೋಗುವುದಿಲ್ಲ, ಅನಾಥವಾಗಿ ನಿಲ್ಲುತ್ತವೆ.

ಬ್ರೌಸರ್‌ನಲ್ಲಿ ಕಾನ್ಫಿಗ್ ಮಾಡುವ ಕಡಿಮೆ ಬೆಲೆಯ ಸ್ಮಾರ್ಟ್ ಸ್ವಿಚ್‌ಗಳಲ್ಲಿ ಇನ್ನೊಂದು ತರಲೆ ಇದೆ, ಪಿವಿಐಡಿ. ಪೋರ್ಟನ್ನು ವಿಲ್ಯಾನ್ 20ಕ್ಕೆ ಅನ್‌ಟ್ಯಾಗ್ಡ್ (ವಿಲ್ಯಾನ್ ಗುರುತಿನ ಚೀಟಿ ಇಲ್ಲದ್ದು) ಎಂದು ಸೇರಿಸಿ, ಮುಗಿಯಿತು ಅಂದುಕೊಳ್ಳುತ್ತೇವೆ. ಅದು ಸ್ವಿಚ್‌ನಿಂದ ಹೊರಗೆ ಹೋಗುವ ಪ್ಯಾಕೆಟ್‌ನ ಮಾತು ಮಾತ್ರ. ಕಂಪ್ಯೂಟರ್‌ನಿಂದ ಒಳಗೆ ಬರುವ ಪ್ಯಾಕೆಟ್ ಯಾವ ವಿಲ್ಯಾನ್‌ಗೆ ಸೇರಬೇಕು ಅನ್ನುವುದನ್ನು ಪಿವಿಐಡಿ ಹೇಳುತ್ತದೆ. ಅದು ಬೇರೆ ಪುಟದಲ್ಲಿ ಇರುತ್ತದೆ, ಬದಲಿಸದಿದ್ದರೆ 1 ಎಂದೇ ಉಳಿಯುತ್ತದೆ. ಆಗ ಕಂಪ್ಯೂಟರ್‌ಗೆ 20ರ ಮಾತು ಕೇಳಿಸುತ್ತದೆ, ಅದು ಆಡಿದ ಮಾತು 1ಕ್ಕೆ ಹೋಗಿ ಬೀಳುತ್ತದೆ. ಎರಡೂ ಕಡೆ 20 ಮಾಡಿ.

ಲಕ್ಷಣ: ಗೇಟ್‌ವೇ ಎರಡೂ ಸಿಗುತ್ತವೆ, ಬೇಕಾದ ಸಾಧನ ಮಾತ್ರ ಸಿಗುವುದಿಲ್ಲ

ಇದೇ ನನ್ನ ಸಂಜೆಗಳನ್ನು ತಿಂದಿದ್ದು. ಮೇಲೆ ಹೇಳಿದಂಥದೇ ಒಂದು ಕಾಲೇಜು. ಪ್ರಾಂಶುಪಾಲರ ಕಂಪ್ಯೂಟರ್‌ನಲ್ಲಿ ಕ್ಯಾಮೆರಾ ಕಾಣುತ್ತಿಲ್ಲ ಅಂತ ಕರೆದರು. ಎನ್‌ವಿಆರ್‌ಗೆ ಹಚ್ಚಿದ ಮಾನಿಟರ್‌ನಲ್ಲಿ ಹದಿನಾರು ಕ್ಯಾಮೆರಾ ಚೆಂದಾಗಿ ಓಡುತ್ತಿವೆ. ಪ್ರಾಂಶುಪಾಲರ ಕೋಣೆಯಿಂದ ಪಿಂಗ್ ಹೊಡೆದರೆ ಟೈಮ್ಡ್ ಔಟ್. ನಾನು ಟ್ರಂಕ್ ನೋಡಿದೆ, ರೌಟಿಂಗ್ ನೋಡಿದೆ, ಇಲ್ಲದ ಎಸಿಎಲ್ (ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂಬ ಪಟ್ಟಿ) ಹುಡುಕಿದೆ. ಎರಡು ಗಂಟೆ ಹೋಯಿತು. ಕೊನೆಗೆ ಎನ್‌ವಿಆರ್ ಮುಂದೆ ಸ್ಟೂಲ್ ಹಾಕಿಕೊಂಡು ಕೂತು, ಅದರ ಮೌಸ್ ಹಿಡಿದು ನೆಟ್‌ವರ್ಕ್ ಮೆನು ತೆರೆದೆ. ಐಪಿ 192.168.30.50, ಸರಿ. ಮಾಸ್ಕ್ ಸರಿ. ಅದರ ಕೆಳಗೆ ಗೇಟ್‌ವೇ: 192.168.1.1. ಕ್ಯಾಮೆರಾ ಹಾಕಿದ ಹುಡುಗ ಐಪಿ ಬದಲಿಸಿ, ಗೇಟ್‌ವೇಯನ್ನು ಡಬ್ಬಿಯಿಂದ ಬಂದ ಹಾಗೇ ಬಿಟ್ಟಿದ್ದ.

ಯಾಕೆ ಹೀಗಾಗುತ್ತದೆ ನೋಡಿ. ನಮ್ಮ ಪಿಂಗ್ 30ರ ಮನೆಗೆ ಹೋಗಿ ಬಾಗಿಲು ತಟ್ಟಿದೆ. ಎನ್‌ವಿಆರ್‌ಗೆ ಕೇಳಿಸಿಯೂ ಇದೆ. ಉತ್ತರವನ್ನು 192.168.10ಕ್ಕೆ ಕಳಿಸಬೇಕು, ಅದು ಹೊರಗಿನ ವಿಳಾಸ, ಗೇಟ್‌ವೇಗೆ ಕೊಡಬೇಕು. ಆ ಗೇಟ್‌ವೇ ಅಲ್ಲಿ ಇಲ್ಲವೇ ಇಲ್ಲ. ಕ್ಯಾಮೆರಾಗಳ ಜೊತೆ ಮಾತಾಡಲು ಮಾತ್ರ ಅದಕ್ಕೆ ಗೇಟ್‌ವೇ ಬೇಕಿಲ್ಲ, ಅವು ಅದೇ ಮನೆಯವು. ಅದಕ್ಕೇ ಅಲ್ಲೇ ನಿಂತು ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಪ್ರಿಂಟರ್, ಬಯೋಮೆಟ್ರಿಕ್ ಹಾಜರಿ ಯಂತ್ರ, ಯುಪಿಎಸ್ ಕಾರ್ಡ್, ಕೈಯಿಂದ ಐಪಿ ಕೊಡುವ ಯಾವುದೇ ಪೆಟ್ಟಿಗೆಗೂ ಇದೇ ಕಥೆ.

ಸ್ಟೂಲ್ ಹಾಕಿಕೊಳ್ಳದೆ, ಕೂತಲ್ಲಿಂದಲೇ ಇದನ್ನು ಹಿಡಿಯಬಹುದು. ಕೋರ್ ಸ್ವಿಚ್‌ನಿಂದ ಎರಡು ಸಲ ಪಿಂಗ್ ಹೊಡೆಯಿರಿ. ಮೊದಲು ಸುಮ್ನೆ 'ಪಿಂಗ್ 192.168.30.50'. ಸ್ವಿಚ್ ಇದನ್ನು ತನ್ನ 30ರ ವಿಳಾಸದಿಂದಲೇ ಕಳಿಸುತ್ತದೆ, ಹಾಗಾಗಿ ಸಾಧನಕ್ಕೆ ಅದು ಮನೆಯೊಳಗಿನ ಮಾತು. ಆಮೇಲೆ 'ಪಿಂಗ್ 192.168.30.50 ಸೋರ್ಸ್ ವಿಲ್ಯಾನ್ 10'. ಈಗ ಅದೇ ಸ್ವಿಚ್ 10ರ ವೇಷ ಹಾಕಿಕೊಂಡು ಕೇಳುತ್ತದೆ. ಮೊದಲನೆಯದಕ್ಕೆ ಉತ್ತರ ಬಂದು ಎರಡನೆಯದಕ್ಕೆ ಬರಲಿಲ್ಲ ಅಂದರೆ ಸಾಧನದ ಗೇಟ್‌ವೇಯನ್ನೋ, ಮಾಸ್ಕನ್ನೋ, ಅದರ ಒಳಗಿನ ಫೈರ್‌ವಾಲನ್ನೋ ನೋಡಿ. ಎರಡಕ್ಕೂ ಬರಲಿಲ್ಲ ಅಂದರೆ ಸಾಧನ ಆಫ್ ಆಗಿದೆ, ಇಲ್ಲವೇ ಅದರ ಪೋರ್ಟ್ 30ರಲ್ಲಿಲ್ಲ, ಇಲ್ಲವೇ ಅದು ಪಿಂಗ್‌ಗೆ ಉತ್ತರಿಸುವ ಜಾತಿಯೇ ಅಲ್ಲ. ಈ ಒಂದು ಜೋಡಿ ಕಮ್ಯಾಂಡ್ ನನಗೆ ಮೊದಲೇ ಗೊತ್ತಿದ್ದಿದ್ದರೆ ಆ ಎರಡು ಗಂಟೆ ಉಳಿಯುತ್ತಿತ್ತು.

ಮಾಸ್ಕ್ ತಪ್ಪಾಗಿದ್ದರೆ ಆಟ ಇನ್ನೂ ಮೋಜು. ಮಾಸ್ಕನ್ನು 255.255.0.0 ಎಂದು ಕೊಟ್ಟಿದ್ದಾರೆ ಅನ್ನಿ. ಆಗ 192.168 ಎಂದು ಶುರುವಾಗುವ ಎಲ್ಲವೂ ತನ್ನ ಮನೆಯದೇ ಅಂತ ಸಾಧನ ತಿಳಿಯುತ್ತದೆ, ಗೇಟ್‌ವೇಯನ್ನು ಕೇಳುವುದೇ ಇಲ್ಲ. ಆದರೂ ಸಿಸ್ಕೋದಲ್ಲಿ ಕೆಲಸ ನಡೆದುಬಿಡಬಹುದು! ಅಲ್ಲಿ ಪ್ರಾಕ್ಸಿ ಎಆರ್‌ಪಿ ಮೊದಲಿಂದಲೇ ಆನ್ ಇರುತ್ತದೆ, ಗೇಟ್‌ವೇ ಮಧ್ಯೆ ಬಾಯಿ ಹಾಕಿ "ಅವನ ಪರವಾಗಿ ನಾನಿದ್ದೇನೆ" ಅನ್ನುತ್ತದೆ. ಮುಂದೊಂದು ದಿನ ಯಾರೋ ಅದನ್ನು ಆಫ್ ಮಾಡಿದಾಗ, ಅಥವಾ ಕೋರ್ ಸ್ವಿಚ್ ಬದಲಾದಾಗ, ವರ್ಷಗಟ್ಟಲೆ ಓಡಿದ ಪ್ರಿಂಟರ್ ದಿಢೀರ್ ನಿಲ್ಲುತ್ತದೆ. ಬೈಗುಳ ಹೊಸ ಸ್ವಿಚ್‌ಗೆ.

ಆ ಕಡೆ ಇರುವುದು ವಿಂಡೋಸ್ ಕಂಪ್ಯೂಟರ್ ಆಗಿದ್ದರೆ ಅದರ ಫೈರ್‌ವಾಲ್ ನೋಡಿ. ಫೈಲ್ ಶೇರಿಂಗ್ ಆನ್ ಮಾಡಿದರೂ ಪ್ರೈವೇಟ್ ನೆಟ್‌ವರ್ಕ್‌ನಲ್ಲಿ ಅದು ಸ್ಥಳೀಯ ಸಬ್‌ನೆಟ್‌ನವರಿಗೆ ಮಾತ್ರ ಪಿಂಗ್ ಉತ್ತರ ಕೊಡುವ ಹಾಗೆ ಇರುತ್ತದೆ. ಅದೇ ವಿಲ್ಯಾನ್‌ನ ಪಕ್ಕದ ಕಂಪ್ಯೂಟರ್‌ಗೆ ಉತ್ತರ, ಬೇರೆ ವಿಲ್ಯಾನ್‌ಗೆ ಮೌನ. ಎ ಇಂದ ಬಿ ಗೆ ಪಿಂಗ್ ಹೋಗಿ, ಬಿ ಇಂದ ಎ ಗೆ ಹೋಗುವುದಿಲ್ಲ ಅಂದರೆ ಬಹುಪಾಲು ಇದೇ. ಒಂದು ಪಿಂಗ್ ಪೂರ್ತಿ ಆಗಬೇಕಾದರೆ ದಾರಿ ಎರಡೂ ದಿಕ್ಕಿಗೆ ತೆರೆದಿರಬೇಕಲ್ಲ, ಹಾಗಾಗಿ ರೌಟಿಂಗ್ ಸರಿ ಇದೆ ಅಂತ ಅಲ್ಲೇ ಗೊತ್ತಾಯಿತು. ಫೈರ್‌ವಾಲ್ ಇಡೀ ಆಫ್ ಮಾಡಿ ಬಿಟ್ಟು ಬರಬೇಡಿ. ಆ ಒಂದು ನಿಯಮದಲ್ಲಿ ನಿಮ್ಮ ಇನ್ನೊಂದು ಸಬ್‌ನೆಟ್ ಸೇರಿಸಿ.

ಲಕ್ಷಣ: ಆ ಕಡೆಯ ವಿಲ್ಯಾನ್‌ನ ಒಂದೇ ಒಂದು ಸಾಧನವೂ ಸಿಗುವುದಿಲ್ಲ

ಈಗ ಕೋರ್ ಸ್ವಿಚ್‌ಗೆ ಲಾಗಿನ್ ಆಗಿ. ಮೊದಲು 'ಶೋ ಐಪಿ ಇಂಟರ್‌ಫೇಸ್ ಬ್ರೀಫ್'. ವಿಲ್ಯಾನ್ 30ರ ಮುಂದೆ ಎರಡು ಸಲ 'ಅಪ್' ಇರಬೇಕು.

'ಅಡ್ಮಿನಿಸ್ಟ್ರೇಟಿವ್ಲಿ ಡೌನ್' ಅಂತಿದ್ದರೆ 'ನೋ ಶಟ್‌ಡೌನ್' ಕೊಡಿ, ಮುಗಿಯಿತು. ಬರೀ 'ಡೌನ್' ಅಂತಿದ್ದರೆ ಸ್ವಲ್ಪ ಯೋಚಿಸಬೇಕು. 'ಇಂಟರ್‌ಫೇಸ್ ವಿಲ್ಯಾನ್ 30' ಎಂದು ಕೊಟ್ಟ ಮಾತ್ರಕ್ಕೆ ವಿಲ್ಯಾನ್ 30 ಹುಟ್ಟುವುದಿಲ್ಲ. ಬಾಗಿಲು ಇಟ್ಟಿದ್ದೀರಿ, ಮನೆ ಕಟ್ಟಿಲ್ಲ. 'ವಿಲ್ಯಾನ್ 30' ಎಂದು ಬೇರೆಯಾಗಿ ಮಾಡಬೇಕು. ಮಾಡಿಯೂ ಡೌನ್ ಇದ್ದರೆ ಆ ವಿಲ್ಯಾನ್‌ನಲ್ಲಿ ಜೀವಂತ ಪೋರ್ಟ್ ಒಂದೂ ಇಲ್ಲ. ಕನಿಷ್ಠ ಒಂದು ಆಕ್ಸೆಸ್ ಪೋರ್ಟ್ (ಒಂದೇ ವಿಲ್ಯಾನ್‌ಗೆ ಸೇರಿದ ಪೋರ್ಟ್), ಅಥವಾ 30ನ್ನು ಬಿಡುವ ಒಂದು ಟ್ರಂಕ್, ಮೇಲೆದ್ದು ಸ್ಪ್ಯಾನಿಂಗ್ ಟ್ರೀಯಲ್ಲಿ (ಕೇಬಲ್‌ಗಳು ಸುತ್ತು ಹಾಕದಂತೆ ನೋಡುವ ವ್ಯವಸ್ಥೆಯಲ್ಲಿ) ಫಾರ್ವರ್ಡಿಂಗ್ ಆಗುವವರೆಗೆ ಗೇಟ್‌ವೇ ಏಳುವುದಿಲ್ಲ. ಕೇಬಲ್ ಹಾಕುವ ಮುಂಚೆ ಕಾನ್ಫಿಗ್ ಮಾಡಿ "ಬರ್ತಿಲ್ಲ" ಅನ್ನುವವರು ಜಾಸ್ತಿ. ಒಂದು ಲ್ಯಾಪ್‌ಟಾಪ್ ಚುಚ್ಚಿ ನೋಡಿ.

ಗೇಟ್‌ವೇಗಳೆಲ್ಲ ಮೇಲಿವೆ, ಆದರೂ ಆಚೆ ಏನೂ ಸಿಗುತ್ತಿಲ್ಲವಾ? 'ಶೋ ಐಪಿ ರೌಟ್' ಹೊಡೆಯಿರಿ. ನಿಮ್ಮ ವಿಲ್ಯಾನ್‌ಗಳು 'ಕನೆಕ್ಟೆಡ್' ಎಂದು ಸಾಲಾಗಿ ಕಾಣಬೇಕು. ಅದರ ಬದಲು 'ಡಿಫಾಲ್ಟ್ ಗೇಟ್‌ವೇ' ಅಂತ ಒಂದು ಸಾಲು, ಕೆಳಗೆ 'ಐಸಿಎಂಪಿ ರೀಡೈರೆಕ್ಟ್ ಕ್ಯಾಶ್' ಖಾಲಿ ಅಂತ ಬಂದರೆ ರೌಟಿಂಗ್ ಆನ್ ಆಗಿಯೇ ಇಲ್ಲ. 'ಐಪಿ ರೌಟಿಂಗ್' ಎಂಬ ಎರಡೇ ಪದ ಬೇಕು. ಆನ್ ಮಾಡುವ ಮುಂಚೆ ಒಂದು ಎಚ್ಚರ: ರೌಟಿಂಗ್ ಆನ್ ಆದಮೇಲೆ ಹಳೆಯ 'ಐಪಿ ಡಿಫಾಲ್ಟ್ ಗೇಟ್‌ವೇ' ಸಾಲು ಲೆಕ್ಕಕ್ಕೆ ಬರುವುದಿಲ್ಲ. ಡಿಫಾಲ್ಟ್ ರೌಟ್ (ಉಳಿದ ಎಲ್ಲದಕ್ಕೂ ಹೊರದಾರಿ) ಬರೆಯದಿದ್ದರೆ ಇಂಟರ್ನೆಟ್ಟೂ ಹೋಯಿತು, ದೂರದಿಂದ ಲಾಗಿನ್ ಆದ ನೀವೂ ಹೋದಿರಿ.

ಆ ಕಮ್ಯಾಂಡನ್ನೇ ಸ್ವಿಚ್ ಒಪ್ಪುತ್ತಿಲ್ಲ ಅಂದರೆ ಅದು ಬರೀ ಲೇಯರ್ 2 ಆಗಿರಬಹುದು. ಹಳೆಯ ಕ್ಯಾಟಲಿಸ್ಟ್ 2960 ಸ್ವಿಚ್‌ಗಳಲ್ಲಿ ಸಾಫ್ಟ್‌ವೇರ್ 12.2(55)ಎಸ್‌ಇ ಅಥವಾ ಅದಕ್ಕಿಂತ ಹೊಸದಾಗಿದ್ದು ಲ್ಯಾನ್ ಬೇಸ್ ಆವೃತ್ತಿ ಇದ್ದರೆ 'ಎಸ್‌ಡಿಎಂ ಪ್ರಿಫರ್ ಲ್ಯಾನ್‌ಬೇಸ್-ರೌಟಿಂಗ್' ಕೊಟ್ಟು ರೀಲೋಡ್ ಮಾಡಿದರೆ 16 ಸ್ಟ್ಯಾಟಿಕ್ ರೌಟ್‌ವರೆಗೆ (ಕೈಯಿಂದ ಬರೆದ ದಾರಿ) ರೌಟಿಂಗ್ ಸಿಗುತ್ತದೆ. ಸಣ್ಣ ಆಫೀಸಿಗೆ ಅದು ಧಾರಾಳ.

ರೌಟಿಂಗ್ ಸರಿ ಇದ್ದರೆ ಉಳಿದದ್ದು ಎಸಿಎಲ್. 'ಶೋ ಐಪಿ ಇಂಟರ್‌ಫೇಸ್ ವಿಲ್ಯಾನ್ 30' ಕೊಟ್ಟರೆ ಅದರ ಮೇಲೆ ಯಾವ ಪಟ್ಟಿ ಕೂತಿದೆ ಎಂದು ಕಾಣುತ್ತದೆ. ಇಲ್ಲಿ ಮೂರು ಕಡೆ ಎಡವುತ್ತಾರೆ. ಒಂದು, ಪಟ್ಟಿಯ ಕೊನೆಗೆ ಬರೆಯದಿದ್ದರೂ 'ಉಳಿದವರಿಗೆಲ್ಲ ಇಲ್ಲ' ಎಂಬ ಸಾಲು ಇದ್ದೇ ಇರುತ್ತದೆ. ಎರಡು, ದಿಕ್ಕು. ವಿಲ್ಯಾನ್ ಇಂಟರ್‌ಫೇಸ್‌ನಲ್ಲಿ 'ಇನ್' ಅಂದರೆ ಆ ವಿಲ್ಯಾನ್‌ನ ಸಾಧನಗಳಿಂದ ಸ್ವಿಚ್‌ನೊಳಕ್ಕೆ ಬರುವುದು, 'ಔಟ್' ಅಂದರೆ ಅವುಗಳ ಕಡೆಗೆ ಹೋಗುವುದು. ನೀವು ಆ ಮನೆಯ ಕಣ್ಣಿಂದಲ್ಲ, ಅಂಗಳದಲ್ಲಿ ನಿಂತು ನೋಡಬೇಕು. ಮೂರು, ಈ ಪಟ್ಟಿಗೆ ನೆನಪಿನ ಶಕ್ತಿ ಇಲ್ಲ. ಗೆಸ್ಟ್ ವೈಫೈನವರು ಆಫೀಸಿಗೆ ಬರಬಾರದು ಅಂತ ತಡೆ ಹಾಕಿದಿರಿ. ಆಫೀಸಿನಿಂದ ಗೆಸ್ಟ್ ಕಡೆಗೆ ನೀವೇ ಪಿಂಗ್ ಹೊಡೆದರೂ ಉತ್ತರ ಬರುವುದಿಲ್ಲ, ಯಾಕೆಂದರೆ ಉತ್ತರವೂ ಗೆಸ್ಟ್‌ನಿಂದ ಆಫೀಸಿಗೆ ಬರುವ ಪ್ಯಾಕೆಟ್ಟೇ. ಮತ್ತೆ ಅದೇ, ಬರುವ ದಾರಿ.

ಎಸಿಎಲ್ ಮೇಲೆ ಅನುಮಾನ ಇದ್ದರೆ 'ಶೋ ಆಕ್ಸೆಸ್-ಲಿಸ್ಟ್ಸ್' ನೋಡಿ. ಅದನ್ನು ಒಂದು ನಿಮಿಷ ತೆಗೆದು ಪಿಂಗ್ ಹೊಡೆದು ನೋಡುವುದು ಸುಲಭದ ಪರೀಕ್ಷೆಯೇ, ಆದರೆ ಆ ಪಟ್ಟಿ ಯಾರು, ಯಾಕೆ ಹಾಕಿದರು ಅಂತ ಕೇಳದೆ ತೆಗೆಯಬೇಡಿ.

ಲಕ್ಷಣ: ಕೆಳಗಿನ ಮಹಡಿಯಲ್ಲಿ ಸರಿ, ಮೇಲೆ ಮಾತ್ರ ಇಲ್ಲ

ಟ್ರಂಕ್. ಕಣ್ಣು ಮುಚ್ಚಿ ಹೇಳಬಹುದು.

'ಶೋ ಇಂಟರ್‌ಫೇಸಸ್ ಟ್ರಂಕ್' ಕಮ್ಯಾಂಡನ್ನು ಕೋರ್ ಸ್ವಿಚ್‌ನಲ್ಲೂ ಮೇಲಿನ ಸ್ವಿಚ್‌ನಲ್ಲೂ ಕೊಡಿ. ಒಂದೇ ಕಡೆ ನೋಡಿ ಬಿಡಬೇಡಿ. ಆ ಪೋರ್ಟ್ ಪಟ್ಟಿಯಲ್ಲೇ ಇಲ್ಲದಿದ್ದರೆ ಟ್ರಂಕ್ ಆಗಿಯೇ ಇಲ್ಲ. ಎರಡೂ ಕಡೆ 'ಡೈನಾಮಿಕ್ ಆಟೋ' ಇದ್ದರೆ ಹೀಗಾಗುತ್ತದೆ. "ಪಹಲೇ ಆಪ್" (ಮೊದಲು ನೀವು) ಅಂತ ಇಬ್ಬರೂ ಕಾಯುತ್ತಾ ಕೂತು ಟ್ರಂಕ್ ಆಗುವುದೇ ಇಲ್ಲ. ಎರಡೂ ಕಡೆ 'ಸ್ವಿಚ್‌ಪೋರ್ಟ್ ಮೋಡ್ ಟ್ರಂಕ್' ಎಂದು ಕೈಯಾರೆ ಬರೆಯಿರಿ.

ಪಟ್ಟಿಯಲ್ಲಿ ಇದ್ದರೆ ನಾಲ್ಕು ಭಾಗ ಕಾಣುತ್ತವೆ. ಇದನ್ನು ಓದಲು ಕಲಿತರೆ ಬೇರೆ ಏನೂ ಬೇಡ. ಮೊದಲ ಭಾಗದಲ್ಲಿ ನೇಟಿವ್ ವಿಲ್ಯಾನ್ ಯಾವುದೆಂದು ಇದೆ. ಎರಡನೆಯದು, ಈ ಟ್ರಂಕ್ ಮೇಲೆ ಬಿಡಲು ಅನುಮತಿ ಇರುವ ವಿಲ್ಯಾನ್‌ಗಳು. ಮೂರನೆಯದು, ಅವುಗಳಲ್ಲಿ ಈ ಸ್ವಿಚ್‌ನಲ್ಲಿ ನಿಜವಾಗಿ ಇರುವವು. ನಾಲ್ಕನೆಯದು, ಅವುಗಳಲ್ಲಿ ಈಗ ಓಡುತ್ತಿರುವವು. ನಿಮ್ಮ 30 ಎಲ್ಲಿ ಮಾಯವಾಯಿತು ನೋಡಿ. ಎರಡರಲ್ಲೇ ಇಲ್ಲದಿದ್ದರೆ ಅನುಮತಿ ಕೊಟ್ಟಿಲ್ಲ. ಎರಡರಲ್ಲಿದ್ದು ಮೂರರಲ್ಲಿ ಇಲ್ಲದಿದ್ದರೆ ಈ ಸ್ವಿಚ್‌ನಲ್ಲಿ ವಿಲ್ಯಾನ್ 30 ಮಾಡಿಲ್ಲ. ಮೂರರಲ್ಲಿದ್ದು ನಾಲ್ಕರಲ್ಲಿ ಇಲ್ಲದಿದ್ದರೆ ಸ್ಪ್ಯಾನಿಂಗ್ ಟ್ರೀ ತಡೆದಿದೆ ಅಥವಾ ವಿಟಿಪಿ (ವಿಲ್ಯಾನ್ ಪಟ್ಟಿಯನ್ನು ಸ್ವಿಚ್‌ಗಳ ನಡುವೆ ಹಂಚುವ ಸಿಸ್ಕೋ ವ್ಯವಸ್ಥೆ) ಕತ್ತರಿಸಿದೆ.

ಅನುಮತಿ ಕೊಡುವಾಗಿನ ಒಂದು ತಪ್ಪನ್ನು ಈ ಕೆಲಸದಲ್ಲಿರುವವರು ಜೀವನದಲ್ಲಿ ಒಮ್ಮೆ ಮಾಡಿಯೇ ಮಾಡುತ್ತಾರೆ. 10 ಮತ್ತು 20 ಓಡುತ್ತಿರುವ ಟ್ರಂಕ್‌ಗೆ 30 ಸೇರಿಸಬೇಕು. 'ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 30' ಎಂದು ಹೊಡೆಯುತ್ತಾರೆ. ಸ್ವಿಚ್ ಹೇಳಿದ ಮಾತು ಕೇಳುತ್ತದೆ: 30 ಮಾತ್ರ ಬಿಡು. 10 ಮತ್ತು 20 ಹೊರಗೆ. ಇಡೀ ಮಹಡಿ ಕತ್ತಲು. ನಡುವೆ 'ಆ್ಯಡ್' ಎಂಬ ಪದ ಬೇಕಿತ್ತು, 'ಅಲೌಡ್ ವಿಲ್ಯಾನ್ ಆ್ಯಡ್ 30'. ನಾನೂ ಮಾಡಿದ್ದೇನೆ, ಅದೂ ಪರೀಕ್ಷೆ ನಡೆಯುತ್ತಿದ್ದ ದಿನ. ಅವತ್ತಿನಷ್ಟು ವೇಗವಾಗಿ ನಾನು ಯಾವತ್ತೂ ಮೆಟ್ಟಿಲು ಹತ್ತಿರಲಿಲ್ಲ.

ನೇಟಿವ್ ವಿಲ್ಯಾನ್ ಎರಡು ತುದಿಯಲ್ಲೂ ಒಂದೇ ಇರಬೇಕು. ಟ್ರಂಕ್ ಮೇಲೆ ಹೋಗುವ ಪ್ಯಾಕೆಟ್‌ಗೆ 802.1ಕ್ಯೂ ಪ್ರಕಾರ 4 ಬೈಟ್‌ನ ಒಂದು ಚೀಟಿ ಅಂಟಿಸುತ್ತಾರೆ. ನೇಟಿವ್‌ಗೆ ಮಾತ್ರ ಚೀಟಿ ಇಲ್ಲ. ಈ ತುದಿಯಲ್ಲಿ ನೇಟಿವ್ 1, ಆ ತುದಿಯಲ್ಲಿ 10 ಅಂತಿದ್ದರೆ ಇಲ್ಲಿಂದ ಹೊರಟ 1ರ ಪ್ಯಾಕೆಟ್ ಅಲ್ಲಿ 10ಕ್ಕೆ ಹೋಗಿ ಬೀಳುತ್ತದೆ. ಸಿಸ್ಕೋ ಸ್ವಿಚ್‌ಗಳು ಎರಡೂ ಕಡೆ ಇದ್ದರೆ ಲಾಗ್‌ನಲ್ಲಿ 'ನೇಟಿವ್ ವಿಲ್ಯಾನ್ ಮಿಸ್‌ಮ್ಯಾಚ್' ಎಂದು ಬಡಬಡಿಸುತ್ತಲೇ ಇರುತ್ತವೆ. ಯಾರೂ ಓದುವುದಿಲ್ಲ, ಅಷ್ಟೇ.

ಒಂದು ಕಡೆ ಸಿಸ್ಕೋ, ಇನ್ನೊಂದು ಕಡೆ ಎಚ್‌ಪಿ ಇದ್ದರೆ ಪದಗಳ ಜಗಳ ಬೇರೆ. ಎಚ್‌ಪಿ ಪ್ರೊಕರ್ವ್‌ನಲ್ಲಿ 'ಟ್ರಂಕ್' ಅಂದರೆ ಹಲವು ಕೇಬಲ್ ಒಟ್ಟು ಕಟ್ಟುವುದು. ಸಿಸ್ಕೋದವರ ಟ್ರಂಕ್ ಅಲ್ಲಿ ಬೇಕಾದರೆ ಆ ಪೋರ್ಟನ್ನು ಪ್ರತಿ ವಿಲ್ಯಾನ್‌ಗೂ 'ಟ್ಯಾಗ್ಡ್' ಎಂದು ಸೇರಿಸಬೇಕು. ವೈಫೈ ಆ್ಯಕ್ಸೆಸ್ ಪಾಯಿಂಟ್ ಕೂಡ ಹಾಗೇ: ಎರಡು ಎಸ್‌ಎಸ್‌ಐಡಿ (ವೈಫೈ ಹೆಸರು) ಎರಡು ವಿಲ್ಯಾನ್‌ಗೆ ಹೋಗಬೇಕಾದರೆ ಅದರ ಪೋರ್ಟ್ ಟ್ರಂಕ್ ಆಗಿರಬೇಕು.

ಲಕ್ಷಣ: ಪಿಂಗ್ ಚೆನ್ನಾಗಿದೆ, ಸಾಫ್ಟ್‌ವೇರ್ ತೆರೆಯುವುದಿಲ್ಲ

ಹೆಸರಿನ ಬದಲು ಐಪಿ ಹೊಡೆದು ನೋಡಿ. ತೆರೆದರೆ ಡಿಎನ್‌ಎಸ್ (ಹೆಸರನ್ನು ಐಪಿಯಾಗಿ ಬದಲಿಸುವ ವ್ಯವಸ್ಥೆ) ತೊಂದರೆ, ಸ್ವಿಚ್ ಬಿಟ್ಟುಬಿಡಿ. 'ನೆಟ್‌ವರ್ಕ್' ಐಕಾನ್ ಒತ್ತಿದರೆ ಬೇರೆ ವಿಲ್ಯಾನ್‌ನ ಕಂಪ್ಯೂಟರ್ ಕಾಣುವುದಿಲ್ಲ, ಮೊಬೈಲ್‌ನಿಂದ ಟಿವಿಗೆ ಕಾಸ್ಟ್ ಆಗುವುದಿಲ್ಲ ಅನ್ನುವುದು ದೋಷವಲ್ಲ. ಅವೆಲ್ಲ ಮನೆಯೊಳಗೆ ಕೂಗಿ ಹುಡುಕುವ ವಿಧಾನಗಳು, ಕೂಗು ಗೋಡೆ ದಾಟುವುದಿಲ್ಲ.

ಐಪಿ ಹೊಡೆದರೂ ತಿರುಗುತ್ತಲೇ ಇದ್ದರೆ 'ಟ್ರೇಸರ್ಟ್' ಕೊಡಿ. ನಮ್ಮ ಕಾಲೇಜಿನಲ್ಲಿ ಎರಡೇ ಹೆಜ್ಜೆ ಬರಬೇಕು: 192.168.10.1, ಆಮೇಲೆ ಸಾಧನ. ನಡುವೆ ಫೈರ್‌ವಾಲ್‌ನ ಐಪಿ ಕಂಡರೆ ಸಿಕ್ಕಿತು. ಕಂಪ್ಯೂಟರ್‌ನ ಗೇಟ್‌ವೇ ಫೈರ್‌ವಾಲ್, ಸರ್ವರ್‌ನ ಗೇಟ್‌ವೇ ಕೋರ್ ಸ್ವಿಚ್. ಹೋಗುವಾಗ ಫೈರ್‌ವಾಲ್ ದಾಟಿ ಹೋಗುತ್ತದೆ. ಉತ್ತರ ಮಾತ್ರ ಕೋರ್ ಸ್ವಿಚ್‌ನಿಂದ ನೇರ ಕಂಪ್ಯೂಟರ್‌ಗೆ ಬಂದುಬಿಡುತ್ತದೆ. ಟಿಸಿಪಿಯ (ಸಾಫ್ಟ್‌ವೇರ್‌ಗಳು ಸಂಪರ್ಕ ಕಟ್ಟಿಕೊಳ್ಳುವ ವಿಧಾನದ) ಮೊದಲ ಮಾತು ಕೇಳಿಸಿಕೊಂಡ ಫೈರ್‌ವಾಲ್‌ಗೆ ಅದರ ಉತ್ತರ ಕಾಣುವುದೇ ಇಲ್ಲ. ಮೂರನೆಯ ಮಾತು ಬಂದಾಗ "ಇದೇನು ನಡುವಿಂದ ಶುರು ಮಾಡ್ತಿದ್ದೀಯ" ಅಂತ ಎಸೆದುಬಿಡುತ್ತದೆ. ಪಿಂಗ್‌ಗೆ ಈ ಮೂರು ಹಂತದ ಕೈಕುಲುಕು ಇಲ್ಲ, ಹಾಗಾಗಿ ಅದು ಪಾಸಾಗುತ್ತದೆ. ಎರಡೂ ವಿಲ್ಯಾನ್‌ಗೆ ಬಾಗಿಲು ಒಂದೇ ಪೆಟ್ಟಿಗೆಯಲ್ಲಿ ಇರಲಿ. ಫೈರ್‌ವಾಲ್‌ನಲ್ಲಿ ತಪಾಸಣೆ ಆಫ್ ಮಾಡಿ ಮುಚ್ಚಿಹಾಕುವುದು ಬೇಡ.

ಲಕ್ಷಣ: ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ

ಮೊದಲ ಅನುಮಾನ ಒಂದೇ ಐಪಿ ಇಬ್ಬರಿಗೆ ಇರುವುದು. ಗೇಟ್‌ವೇಯ ಐಪಿಯನ್ನೇ ಯಾರೋ ಪ್ರಿಂಟರ್‌ಗೆ ಕೊಟ್ಟಿದ್ದರಂತೂ ಇಡೀ ವಿಲ್ಯಾನ್ ಜೋಕಾಲಿ ಆಡುತ್ತದೆ. ಕಂಪ್ಯೂಟರ್‌ನಲ್ಲಿ 'ಎಆರ್‌ಪಿ -ಎ' ಹೊಡೆದು 192.168.10.1ರ ಮುಂದಿನ ಮ್ಯಾಕ್ ವಿಳಾಸ (ಸಾಧನದ ಹಾರ್ಡ್‌ವೇರ್ ಗುರುತು) ಬರೆದಿಟ್ಟುಕೊಳ್ಳಿ. ತೊಂದರೆ ಬಂದಾಗ ಮತ್ತೆ ನೋಡಿ. ಬದಲಾಗಿದ್ದರೆ ಆ ಮ್ಯಾಕ್ ಯಾವ ಪೋರ್ಟ್‌ನಲ್ಲಿದೆ ಎಂದು 'ಶೋ ಮ್ಯಾಕ್ ಅಡ್ರೆಸ್-ಟೇಬಲ್' ಹೇಳುತ್ತದೆ. ಕಳ್ಳ ಸಿಕ್ಕ.

ಸ್ವಿಚ್‌ನ ಎಲ್ಲ ದೀಪಗಳೂ ಒಟ್ಟಿಗೆ, ಬಿಡುವಿಲ್ಲದೆ ಮಿಣುಕುತ್ತಿವೆ, ಲಾಗ್‌ನಲ್ಲಿ ಮ್ಯಾಕ್ ಫ್ಲ್ಯಾಪಿಂಗ್ ಅಂತ ಬರುತ್ತಿದೆ, ಎಲ್ಲ ವಿಲ್ಯಾನೂ ಆಮೆಯಾಗಿವೆ ಅಂದರೆ ಲೂಪ್, ಕೇಬಲ್ ಎಲ್ಲೋ ಸುತ್ತು ಹಾಕಿದೆ. ಇಲ್ಲಿ ಕಮ್ಯಾಂಡ್ ಹೊಡೆಯುತ್ತಾ ಕೂರಬೇಡಿ. ಕೊನೆಗೆ ಯಾವ ಕೇಬಲ್ ಚುಚ್ಚಿದರೋ ಅದನ್ನು ಕೀಳಿ. ಗೊತ್ತಿಲ್ಲದಿದ್ದರೆ ಮಹಡಿಗಳ ಟ್ರಂಕ್‌ಗಳನ್ನು ಒಂದೊಂದಾಗಿ ತೆಗೆಯಿರಿ, ಯಾವುದು ತೆಗೆದಾಗ ಶಾಂತವಾಯಿತೋ ಲೂಪ್ ಆ ಮಹಡಿಯದು. ಮೇಜಿನ ಕೆಳಗಿನ ಐದು ಪೋರ್ಟ್‌ನ ಪುಟ್ಟ ಸ್ವಿಚ್‌ನಲ್ಲಿ ಒಂದೇ ಕೇಬಲ್‌ನ ಎರಡೂ ತುದಿ ಚುಚ್ಚಿರುವುದು ಸಾಮಾನ್ಯ. ಕಸ ಗುಡಿಸುವಾಗ ಬಿಚ್ಚಿದ ತುದಿಯನ್ನು ಪಾಪ ಯಾರೋ ಒಳ್ಳೆಯ ಮನಸ್ಸಿಂದ ವಾಪಸ್ ಹಾಕಿರುತ್ತಾರೆ.

ಇಲ್ಲಿಗೆ ನಿಲ್ಲಿಸಿ, ಗೊತ್ತಿದ್ದವರನ್ನು ಕರೆಯಿರಿ

ಎಲ್ಲ ವಿಲ್ಯಾನ್‌ಗಳೂ ಒಂದೇ ಸಲ ಮಾಯವಾಗಿದ್ದರೆ, ಅದೂ ಎಲ್ಲಿಂದಲೋ ತಂದ ಹಳೆಯ ಸ್ವಿಚ್ ಸೇರಿಸಿದ ಮೇಲೆ ಮಾಯವಾಗಿದ್ದರೆ, ಮುಟ್ಟಬೇಡಿ. ಡೊಮೇನ್ ಹೆಸರು, ಪಾಸ್‌ವರ್ಡ್ ಒಂದೇ ಆಗಿದ್ದು ಅದರ ವಿಟಿಪಿ ರಿವಿಷನ್ ಸಂಖ್ಯೆ ನಿಮ್ಮದಕ್ಕಿಂತ ಹೆಚ್ಚಿದ್ದರೆ, ಅದು ತನ್ನ ಪಟ್ಟಿಯನ್ನು ಎಲ್ಲ ಸ್ವಿಚ್‌ಗೂ ಹಂಚಿರುತ್ತದೆ. ಆ ಸ್ವಿಚ್ ಬಿಚ್ಚಿ ಪಕ್ಕಕ್ಕಿಟ್ಟು ಸಹಾಯ ಕೇಳಿ. ಪೋರ್ಟ್ 'ಎರರ್-ಡಿಸೇಬಲ್ಡ್' ಆಗಿ (ಏನೋ ತಪ್ಪು ಕಂಡು ಸ್ವಿಚ್ ತಾನೇ ಮುಚ್ಚಿ), ಎಬ್ಬಿಸಿದ ತಕ್ಷಣ ಮತ್ತೆ ಬಿದ್ದರೂ ಅಷ್ಟೇ. ಅದು ಯಾವುದೋ ಅಪಾಯದಿಂದ ನೆಟ್‌ವರ್ಕನ್ನು ಕಾಪಾಡುತ್ತಿದೆ, ಬಲವಂತ ಮಾಡಬೇಡಿ. ಫೈರ್‌ವಾಲ್ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ, ಸುಟ್ಟ ವಾಸನೆ ಬಂದರೆ, ಪಾಸ್‌ವರ್ಡ್ ರಿಕವರಿ ಮಾಡಬೇಕಾಗಿ ಬಂದರೆ ಕೂಡ.

ಕರೆಯುವಾಗ "ನೆಟ್ ಬರ್ತಿಲ್ಲ" ಅನ್ನಬೇಡಿ. ನಾಲ್ಕು ಪಿಂಗ್‌ನ ಉತ್ತರ, ಎರಡೂ ಸ್ವಿಚ್‌ನ ಟ್ರಂಕ್ ಪಟ್ಟಿ, 'ಶೋ ಐಪಿ ರೌಟ್', ತೊಂದರೆ ಶುರುವಾಗುವ ಹಿಂದಿನ ದಿನ ಯಾರು ಏನು ಬದಲಿಸಿದರು, ಇಷ್ಟನ್ನು ಕಳಿಸಿ. ಕೊನೆಯದನ್ನು ಕೇಳಿದಾಗ ಎಲ್ಲರೂ "ಏನೂ ಬದಲಿಸಿಲ್ಲ ಸಾರ್" ಅನ್ನುತ್ತಾರೆ. ಇನ್ನೊಂದು ಸಲ ಕೇಳಿ.

ಸರಿಯಾಯಿತಾ? ಹಾಗಾದರೆ ಬಾಗಿಲು ಹಾಕುವ ಮುಂಚೆ 'ರೈಟ್ ಮೆಮೊರಿ' ಕೊಡಿ. ಪರೀಕ್ಷೆಗೆಂದು ತೆಗೆದ ಎಸಿಎಲ್ ವಾಪಸ್ ಹಾಕಿದಿರಾ ನೋಡಿ. ಆಮೇಲೆ ಎನ್‌ವಿಆರ್ ಮೇಲೆ ಅದರ ಐಪಿ, ಮಾಸ್ಕ್, ಗೇಟ್‌ವೇ ಮೂರನ್ನೂ ಬರೆದ ಚೀಟಿ ಅಂಟಿಸಿ ಬನ್ನಿ.